ಬಸ್ಸಿನ ಮೇಲೆ ಉಳಿದ ಸೊನ್ನೆ

ಜೂನಿನಲ್ಲಿ ಬಂತು ಬಸ್ಸು, ಪೆನ್ಷನ್ ಮೊಹಲ್ಲಾದ ನನ್ನ ಶೆಡ್ಡಿಗೆ.
ಪಕ್ಕೆಯ ಉದ್ದಕ್ಕೂ ಬೆಂಕಿಪುರ ಎಫ್.ಸಿ.
ಭದ್ರಾವತಿಯ ಯಾರೋ ಪೇಂಟರನ ಕೈ. ಒಳ್ಳೆಯ ಕೈ.
'ಕಿ'ಯ ಗುಡಿಸು ಬಾಗಿದ ರೀತಿ ನೋಡುತ್ತಾ
ಒಂದು ಬೀಡಿ ಮುಗಿಸಿದೆ.

"ಅಳಿಸಿ ಹಾಸನ ಅಂತ ಬರಿ ಇನಾಯತ್" ಎಂದರು ಮ್ಯಾನೇಜರು.
ಕಾರ್ಖಾನೆ ಮುಚ್ಚಿತಂತೆ, ಮೈದಾನಕ್ಕೆ ಬೀಗ ಬಿತ್ತಂತೆ,
ಯಾರೋ ಕೊಂಡರಂತೆ ತಂಡವನ್ನು,
ಎರಡು ಬಲೆ, ಇಪ್ಪತ್ತಾರು ಜೊತೆ ಬೂಟು, ಒಬ್ಬ ಅಡುಗೆಯವನ ಸಮೇತ.
ಮೂರೇ ಅಕ್ಷರದ ಊರು ನಮ್ಮದು: ಒತ್ತಿಲ್ಲ, ಕೊಂಬಿಲ್ಲ,
ಒಂದು ದೀರ್ಘ ಬಿಟ್ಟರೆ ಉಸಿರು ಹಿಡಿಯುವ ಕೆಲಸವೇ ಇಲ್ಲ.
ಮಧ್ಯಾಹ್ನದ ನಮಾಜಿಗೆ ಮೊದಲು ಮುಗಿಸಿದೆ.

ಮೊದಲ ಆಟಕ್ಕೆ ನೂರಹದಿನೇಳು ಜನ.
ಎಣಿಸಿದವನು ನಾನೇ, ಸ್ಕೋರ್‌ಬೋರ್ಡಿನ ಏಣಿಯ ಮೇಲೆ ಕೂತು.
ಅದರಲ್ಲಿ ಹದಿನೈದು ಜನ ದಿನಾ ವಾಕಿಂಗ್ ಬರುವವರು,
ಟ್ರ್ಯಾಕು ಯಾಕೆ ಮುಚ್ಚಿದಿರಿ ಎಂದು ಜಗಳಕ್ಕೆ ನಿಂತವರು.
ಸೊನ್ನೆ, ಸೊನ್ನೆ.
ಎರಡನೆಯದೂ ಸೊನ್ನೆ, ಸೊನ್ನೆ. ಮೂರನೆಯದೂ.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ತೂಗುತ್ತಾ ಕೇಳಿದರು:
"ಏನ್ ಸಾಬ್ರೇ, ಇವರು ಚೆಂಡು ಆಡೋದಾ, ಕಾಯೋದಾ?"

ನಾಲ್ಕನೆಯದರಲ್ಲಿ ಮಿಜೋರಾಮಿನ ಹುಡುಗ ಲಾಲ್‌ಮುವಾನಾ
ಮೂಲೆಯಿಂದ ಬಂದದ್ದಕ್ಕೆ ತಲೆ ಕೊಟ್ಟ.
ನನ್ನ ೧ ಮೊದಲ ಸಲ ಮೊಳೆಗೆ ತೂಗಿತು.
ಆಮೇಲೆ ಸಾಲು ಸಾಲಗಾಮೆ ರಸ್ತೆ ಮುಟ್ಟಿತು,
ವಾಕಿಂಗಿನವರೇ ಮುಂದಿನ ಮೆಟ್ಟಿಲಿಗೆ ಟವೆಲ್ ಹಾಸಿ ಸೀಟು ಹಿಡಿದರು.

ನವೆಂಬರಿನ ಒಂದು ಶನಿವಾರ, ನಾಲ್ಕನೇ ಗೋಲು.
ಮೂರರ ತನಕ ಮಾತ್ರ ಬರೆದಿಟ್ಟಿದ್ದೆ ನಾನು.
ನಾಲ್ಕು ಹೊಡೆಯುವ ತಂಡವೆಂದು ಯಾರು ನಂಬಿದ್ದರು?
ಏಣಿಯ ಮೇಲೇ ಒಂದು ತಗಡು ತಿರುಗಿಸಿ, ಹಸಿ ಬಣ್ಣದಲ್ಲಿ, ೪.
ಬಾಲ ತಿರುಚಿದ ಮೀನಿನಂಥ ನಾಲ್ಕು.
ಸೋರಿತು ಬಿಳಿ, ಏಣಿಗೆ, ನನ್ನ ಲುಂಗಿಗೆ.
ಗೋವಾದ ಮ್ಯಾಚ್ ಕಮಿಷನರ್ ಬೈನಾಕ್ಯುಲರ್ ಹಿಡಿದು
"ಅದು ಎಂಟಾ?" ಎಂದರಂತೆ.
ಆರು ಸಾವಿರ ಜನ ಒಟ್ಟಿಗೆ ಎಣಿಸಿ ತೋರಿಸಿದರು.

ಸೆಲ್ವಮೇರಿ ಎಣಿಸಲಿಲ್ಲ.
ಪ್ರತಿ ಆಟಕ್ಕೂ ಭದ್ರಾವತಿಯಿಂದ, ಅರಸೀಕೆರೆಯಲ್ಲಿ ರೈಲು ಬದಲಿಸಿ,
ತುಕ್ಕು ಬಣ್ಣದ ಹಳೇ ಮಫ್ಲರು ಸುತ್ತಿಕೊಂಡು.
ಕಾರ್ಖಾನೆ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ
ಈ ತಂಡಕ್ಕೆ ಇಡ್ಲಿ ಬೇಯಿಸಿದವಳು.
ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ.
ಆಟ ಮುಗಿದ ಮೇಲೆ ಬಸ್ಸಿನ ಬಳಿ ನಿಂತು
ಪಕ್ಕೆಯ ಮೇಲೆ ಬೆರಳಾಡಿಸುವಳು, ಕುರುಡರು ಓದುವ ಹಾಗೆ.
ನನ್ನ ಬಣ್ಣದಡಿ ಆ ಬಣ್ಣ ಉಬ್ಬಿಕೊಂಡೇ ಇತ್ತು:
'ಬೆ' ಎಲ್ಲಿ ಶುರು, 'ರ' ಎಲ್ಲಿ ನಿಲ್ಲುತ್ತದೆ, ಬೆರಳಿಗೆ ಗೊತ್ತು.
ಒಂದು ದಿನ ಕೇಳಿದಳು, "ಒಂದೇ ಸಲ ಬಳಿದದ್ದಾ?"
ಸುಳ್ಳು ಹೇಳಿದೆ: ಎರಡು ಸಲ.

ಮಾರ್ಚಿಯ ಕೊನೆಯ ಆಟ. ಒಂದು, ಸೊನ್ನೆ.
ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನಾವು.
ಸೆಲ್ವಮೇರಿ ಎದ್ದು ನಿಂತು ಏನೋ ಕೂಗಿದ್ದು ಕಂಡಿತು;
ಯಾವ ಹೆಸರು ಕೂಗಿದಳೋ, ಆ ಗದ್ದಲದಲ್ಲಿ
ಏಣಿಯ ತನಕ ಬರಲಿಲ್ಲ.

ಮರುದಿನ ಬಸ್ಸು ಮತ್ತೆ ಶೆಡ್ಡಿಗೆ.
"ಪೂರ್ತಿ ಉಜ್ಜಿ ತೆಗಿ. ಚಾಂಪಿಯನ್ಸ್ ಅಂತ ಬರಿ, ಕೆಳಗೆ ಹಾಸನ."
ಉಜ್ಜಿದೆ. ಎಮರಿ ಹಾಳೆ ಎಂಟು ಸವೆದವು.
ಬೆ ಹೋಯಿತು, ಕಿ ಹೋಯಿತು, ಪು, ರ,
ತಗಡು ಹೊಳೆಯುವ ತನಕ.
ನಡುವಿನ ಸೊನ್ನೆಗೆ ಬಂದಾಗ ಕೈ ನಿಂತಿತು.
ಹಾಸನದಲ್ಲಿ ಸೊನ್ನೆ ಇಲ್ಲ.
ಚಾಂಪಿಯನ್ಸಿನಲ್ಲಿ ಇದೆ.

ನೂಲು ಹಿಡಿದು ಅಳೆದೆ, ಎರಡು ಬೆರಳು ಎಡಕ್ಕೆ ಸರಿಸಿದೆ.
'ಬೆ' ಇದ್ದ ಜಾಗದಲ್ಲಿ 'ಚಾ' ಕೂತಿತು,
ಆಚೆ 'ಪಿ'.
ನಡುವೆ ಭದ್ರಾವತಿಯ ಆ ಪೇಂಟರನ ಸೊನ್ನೆ,
ತುಕ್ಕು ಬಣ್ಣದ್ದು, ಚೆಂಡಿನಷ್ಟು ದುಂಡಗೆ,
ಅವನು ಇಟ್ಟಲ್ಲೇ.

ಬಣ್ಣ ಒಣಗುವ ಮೊದಲೇ ಬಂದರು ಮ್ಯಾನೇಜರು.
"ಮುಂದಿನ ಸಲ ಸ್ಟಿಕರ್ ಮಾಡಿಸೋಣ,
ಕೀಳೋದು ಸುಲಭ" ಎಂದರು, ಫೋನು ನೋಡುತ್ತಾ.

ನಾನು ಹೂಂ ಅನ್ನಲಿಲ್ಲ.
ಎರಡನೇ ಸಲ ಬಳಿಯಲು ಡಬ್ಬಿಯ ಮುಚ್ಚಳ ಎತ್ತಿದೆ.